ಹಿರಿಯರ ಆರೈಕೆಯ ಖರ್ಚು ಮತ್ತು ಇರುವ ಒಂದೇ ಮನೆ: ಯಾವುದು ಮೊದಲು, ಯಾವುದು ಕೊನೆಗೆ

ತಂದೆ ಹಾಸಿಗೆ ಹಿಡಿದಿದ್ದಾರೆ, ಅವರನ್ನು ಎತ್ತಿ ಕೂರಿಸಲು ತಾಯಿಗೆ ಶಕ್ತಿಯಿಲ್ಲ, ಹೋಂ ನರ್ಸ್ ಇಟ್ಟುಕೊಂಡರೆ ಪಿಂಚಣಿ ಸಾಲುವುದಿಲ್ಲ, ಆಸ್ತಿಯೆಂದು ಇರುವುದು ಒಂದು ಮನೆ ಮಾತ್ರ. ಅದನ್ನು ಮಾರಬೇಕೇ, ಬಾಡಿಗೆಗೆ ಕೊಡಬೇಕೇ, ಬ್ಯಾಂಕಿಗೆ ಅಡಮಾನ ಇಡಬೇಕೇ ಅಥವಾ ನೋಡಿಕೊಳ್ಳುತ್ತಿರುವ ಮಗಳ ಹೆಸರಿಗೆ ಬರೆದುಬಿಡಬೇಕೇ? ಓದುಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಿರುವುದರಿಂದ, ಉತ್ತರವನ್ನು ಹಂತ ಹಂತವಾಗಿ ಒಂದೇ ಕಡೆ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಮನೆ ಹಿರಿಯರ ಹೆಸರಿನಲ್ಲಿ ಇರುವಷ್ಟು ಕಾಲ ಅವರ ಆರೈಕೆಗೆ ನಾಲ್ಕಾರು ದಾರಿಗಳು ತೆರೆದಿರುತ್ತವೆ. ಅದು ಬೇರೆಯವರ ಹೆಸರಿಗೆ ಹೋದ ದಿನ ಆ ದಾರಿಗಳೆಲ್ಲ ಆ ಒಬ್ಬರ ಮನಸ್ಸನ್ನು ಅವಲಂಬಿಸುತ್ತವೆ. ಆದ್ದರಿಂದ ಮನೆಯ ವರ್ಗಾವಣೆ ಕೊನೆಯ ಹೆಜ್ಜೆಯಾಗಬೇಕು. ಹಿರಿಯರ ಸಹಿ ಬೇಕಾಗುವ ಉಳಿದ ಕೆಲಸಗಳು ಮಾತ್ರ ಎಲ್ಲಕ್ಕಿಂತ ಮೊದಲು ಮುಗಿಯಬೇಕು. ಹೆಚ್ಚಿನ ಕುಟುಂಬಗಳಲ್ಲಿ ಈ ಕ್ರಮ ತಿರುವುಮುರುವಾಗುತ್ತದೆ.

1. ಯಾವ ಆರೈಕೆ, ಎಷ್ಟು ಖರ್ಚು ಎಂದು ಬರೆದಿಡಿ

ನಮ್ಮಲ್ಲಿ ‘ಹೋಂ ನರ್ಸ್’ ಎಂಬ ಮಾತನ್ನು ಎರಡು ಬೇರೆ ಬೇರೆ ಕೆಲಸಗಳಿಗೆ ಬಳಸುತ್ತೇವೆ. ಸ್ನಾನ, ಊಟ, ಡೈಪರ್ ಬದಲಾವಣೆ, ಹೊರಳಿಸಿ ಮಲಗಿಸುವುದು ಇವುಗಳನ್ನು ನೋಡಿಕೊಳ್ಳುವವರು ಸಹಾಯಕರು. ಮೂಗಿನ ನಳಿಕೆಯ ಮೂಲಕ ಆಹಾರ, ಕ್ಯಾಥೆಟರ್, ಇಂಜೆಕ್ಷನ್, ಬೆನ್ನು ಹುಣ್ಣಿನ ಡ್ರೆಸಿಂಗ್ ಇವುಗಳಿಗೆ ತರಬೇತಿ ಪಡೆದು ನೋಂದಾಯಿತರಾದ ನರ್ಸ್ ಬೇಕು. ಎರಡನೆಯವರ ಸಂಬಳ ಬಹಳ ಹೆಚ್ಚು. ನಿಮ್ಮ ಹಿರಿಯರಿಗೆ ದಿನವಿಡೀ ನರ್ಸ್ ಬೇಕೇ, ಅಥವಾ ದಿನವಿಡೀ ಸಹಾಯಕರಿದ್ದು ನರ್ಸ್ ವಾರಕ್ಕೆರಡು ಬಾರಿ ಬಂದು ಹೋದರೆ ಸಾಕೇ ಎಂದು ಚಿಕಿತ್ಸೆ ನೀಡುತ್ತಿರುವ ವೈದ್ಯರನ್ನೇ ಕೇಳಿ, ಅವರ ಉತ್ತರವನ್ನು ಬರೆಸಿಕೊಳ್ಳಿ.

ಪಟ್ಟಿಯಲ್ಲಿ ಸಂಬಳದ ಜೊತೆಗೆ ಡೈಪರ್, ಔಷಧ, ಫಿಸಿಯೋಥೆರಪಿ, ಮಂಚ ಅಥವಾ ಆಕ್ಸಿಜನ್ ಯಂತ್ರದ ಬಾಡಿಗೆ, ಏಜೆನ್ಸಿಯ ನೋಂದಣಿ ಶುಲ್ಕ ಮತ್ತು ಸಹಾಯಕರು ರಜೆ ಹೋದಾಗ ಬರುವ ಬದಲಿಯವರ ಖರ್ಚು ಸೇರಬೇಕು. ಈ ಖರ್ಚು ವರ್ಷದಿಂದ ವರ್ಷಕ್ಕೆ ಏರುತ್ತದೆ. ಇಂದು ತಿಂಗಳಿಗೆ 40,000 ರೂಪಾಯಿ ಆಗುತ್ತದೆಂದು ಇಟ್ಟುಕೊಂಡರೆ, ವರ್ಷಕ್ಕೆ ಶೇ. 8ರಂತೆ ಏರಿದಾಗ ಐದು ವರ್ಷಗಳ ನಂತರ ಅದೇ ಆರೈಕೆಗೆ ಸುಮಾರು 59,000 ರೂಪಾಯಿ ಬೇಕಾಗುತ್ತದೆ. ಇಂದಿನ ಲೆಕ್ಕಕ್ಕೆ ಸರಿಹೊಂದುವ ಏರ್ಪಾಡು ಎರಡು ಮೂರು ವರ್ಷಗಳಲ್ಲಿ ಸಾಲದಾಗುವುದು ಹೀಗೆ.

ಎಚ್ಚರಿಕೆ: ಆರೋಗ್ಯ ವಿಮೆ ಇದೆಯೆಂದು ನಿಶ್ಚಿಂತರಾಗಬೇಡಿ. ಸಾಮಾನ್ಯ ಪಾಲಿಸಿಗಳು ಹಣ ಕೊಡುವುದು ಆಸ್ಪತ್ರೆಯ ಚಿಕಿತ್ಸೆಗೆ. ಊಟ ಮಾಡಿಸುವ, ಶುಚಿಗೊಳಿಸುವ ದೀರ್ಘಕಾಲದ ಆರೈಕೆಗೆ ಅಲ್ಲ. ಪಾಲಿಸಿಯಲ್ಲಿರುವ ‘ಡೊಮಿಸಿಲಿಯರಿ’ ಎಂಬ ಪದವೂ ಅನೇಕರನ್ನು ದಾರಿ ತಪ್ಪಿಸುತ್ತದೆ. ಆಸ್ಪತ್ರೆಗೆ ಸೇರಿಸಲೇಬೇಕಾಗಿದ್ದ ರೋಗಿಯನ್ನು ಸಾಗಿಸಲಾಗದ ಸ್ಥಿತಿಯಿಂದಲೋ ಹಾಸಿಗೆ ಸಿಗದ ಕಾರಣದಿಂದಲೋ ಮನೆಯಲ್ಲೇ ಇಟ್ಟು ಕೊಡುವ ಚಿಕಿತ್ಸೆ ಎಂಬುದು ಅದರ ಅರ್ಥ. 70 ವರ್ಷ ದಾಟಿದ ಎಲ್ಲರಿಗೂ ಕೇಂದ್ರ ಸರ್ಕಾರ 2024ರ ಅಕ್ಟೋಬರ್‌ನಲ್ಲಿ ವಿಸ್ತರಿಸಿದ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಯುಷ್ಮಾನ್ ಸೌಲಭ್ಯವೂ ಆಸ್ಪತ್ರೆಯ ದಾಖಲಾತಿಗೆ ಸಂಬಂಧಿಸಿದ್ದು.

2. ಹಿರಿಯರಿಗೆ ತಿಳಿವಳಿಕೆ ಇರುವಾಗಲೇ ಸಹಿಯ ಕೆಲಸ ಮುಗಿಸಿ

ಈ ಹಂತವನ್ನು ದಯವಿಟ್ಟು ಮುಂದೂಡಬೇಡಿ. ‘ಜಿ.ಪಿ.ಎ. ಮಾಡಿಸಿಕೊಂಡಿದ್ದೇವೆ, ಇನ್ನು ಚಿಂತೆಯಿಲ್ಲ’ ಎಂದು ಅನೇಕರು ಬರೆಯುತ್ತಾರೆ. ಜಿ.ಪಿ.ಎ. ಎಂದರೆ ಒಬ್ಬರು ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಕೊಡುವ ಸಾಮಾನ್ಯ ಅಧಿಕಾರಪತ್ರ. ಭಾರತೀಯ ಕರಾರು ಕಾಯ್ದೆಯ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡಾಗ ಮಾತ್ರವಲ್ಲ, ಅವರ ಬುದ್ಧಿ ಸ್ವಾಧೀನ ತಪ್ಪಿದಾಗಲೂ ಆ ಅಧಿಕಾರ ಕೊನೆಗೊಳ್ಳುತ್ತದೆ. ಬೇರೆ ಕೆಲವು ದೇಶಗಳಲ್ಲಿ ಇರುವಂತೆ ಮರೆವಿನ ಕಾಯಿಲೆ ಬಂದ ನಂತರವೂ ಊರ್ಜಿತವಾಗಿ ಉಳಿಯುವ ಅಧಿಕಾರಪತ್ರ ನಮ್ಮ ಕಾನೂನಿನಲ್ಲಿಲ್ಲ. ಡಿಮೆನ್ಷಿಯಾ ಮುಂದುವರಿದ ತಂದೆಯ ಮನೆಯನ್ನು ಹಳೆಯ ಜಿ.ಪಿ.ಎ. ತೋರಿಸಿ ಮಾರಿದರೆ ಆ ಮಾರಾಟವನ್ನೇ ನ್ಯಾಯಾಲಯದಲ್ಲಿ ಪ್ರಶ್ನಿಸಬಹುದು. ಅಂಥ ಸ್ಥಿತಿಯಲ್ಲಿ ಪೋಷಕರನ್ನು ನೇಮಿಸುವಂತೆ ನ್ಯಾಯಾಲಯವನ್ನು, ಬಹಳ ಸಲ ಹೈಕೋರ್ಟನ್ನೇ, ಕೋರಬೇಕಾಗುತ್ತದೆ. ಅದಕ್ಕೆ ಹಿಡಿಯುವ ತಿಂಗಳುಗಳಲ್ಲಿ ಆರೈಕೆಯ ಖರ್ಚು ನಿಲ್ಲುವುದಿಲ್ಲ.

ಕೈ ನಡುಗುತ್ತದೆ, ಸಹಿ ಬರುವುದಿಲ್ಲ ಎಂಬುದು ಬೇರೆ ವಿಷಯ. ಹೆಬ್ಬೆಟ್ಟಿನ ಗುರುತು ಸಾಕು. ಕಾನೂನು ನೋಡುವುದು ತಿಳಿವಳಿಕೆ ಇದೆಯೇ ಎಂಬುದನ್ನು. ಆದ್ದರಿಂದ ಮುಖ್ಯ ಪತ್ರಗಳಿಗೆ ಸಹಿಯಾಗುವ ದಿನವೇ, ಹಿರಿಯರು ವಿಷಯವನ್ನು ಅರ್ಥ ಮಾಡಿಕೊಳ್ಳಬಲ್ಲ ಸ್ಥಿತಿಯಲ್ಲಿದ್ದಾರೆಂದು ವೈದ್ಯರಿಂದ ಪ್ರಮಾಣಪತ್ರ ಪಡೆದಿಡಿ. ಹಾಸಿಗೆಯಿಂದ ಏಳಲಾಗದವರಿಗಾಗಿ ನೋಂದಣಿ ಅಧಿಕಾರಿ ಮನೆಗೇ ಬಂದು ಪತ್ರ ನೋಂದಾಯಿಸಲು ನೋಂದಣಿ ಕಾಯ್ದೆಯ 31ನೇ ಕಲಮಿನಲ್ಲಿ ಅವಕಾಶವಿದೆ. ಕಾರಣ ತಿಳಿಸಿ ಅರ್ಜಿ ಕೊಟ್ಟು ಶುಲ್ಕ ಕಟ್ಟಬೇಕು. ಇದು ತಿಳಿಯದೆ ನಿತ್ರಾಣರಾದವರನ್ನು ಆಂಬುಲೆನ್ಸಿನಲ್ಲಿ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೊತ್ತೊಯ್ಯುವ ಕುಟುಂಬಗಳಿವೆ. ಆ ಸಂಕಟ ಅನಗತ್ಯ.

ಬ್ಯಾಂಕ್ ಖಾತೆಗಳಿಗೆ ನಂಬಿಕಸ್ಥರೊಬ್ಬರನ್ನು ಜಂಟಿಯಾಗಿ ಸೇರಿಸಿ, ಇಬ್ಬರಲ್ಲಿ ಯಾರು ಬೇಕಾದರೂ ವ್ಯವಹರಿಸಬಹುದೆಂಬ ಸೂಚನೆ ಕೊಡಿಸಿ. ಠೇವಣಿಗಳಿಗೆ ನಾಮಿನಿ ಹೆಸರು ಇದೆಯೇ ನೋಡಿ. ನಾಮಿನಿ ಎಂದರೆ ಹಣವನ್ನು ಪಡೆದು ವಾರಸುದಾರರ ಪರವಾಗಿ ಇಟ್ಟುಕೊಳ್ಳುವವರು. ಅವರು ಅದರ ಮಾಲೀಕರಲ್ಲ. 70 ವರ್ಷ ದಾಟಿದವರಿಗೆ ಮನೆಬಾಗಿಲಲ್ಲೇ ಮೂಲ ಸೇವೆಗಳನ್ನು ಒದಗಿಸಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ. ಶಾಖೆಯಲ್ಲಿ ‘ಅವರನ್ನೇ ಕರೆದುಕೊಂಡು ಬನ್ನಿ’ ಎಂದರೆ ಈ ಸೂಚನೆಯನ್ನು ಉಲ್ಲೇಖಿಸಿ ಲಿಖಿತವಾಗಿ ಕೇಳಿ.

3. ಮನೆ ಕಾನೂನಿನ ಪ್ರಕಾರ ಯಾರದ್ದು ಎಂದು ಖಚಿತಪಡಿಸಿಕೊಳ್ಳಿ

ತಂದೆ ಸ್ವಂತ ದುಡಿಮೆಯಿಂದ ಕೊಂಡ ಅಥವಾ ಕಟ್ಟಿಸಿದ ಮನೆ ಸ್ವಯಾರ್ಜಿತ. ಅದನ್ನು ಅವರು ಯಾರ ಒಪ್ಪಿಗೆಯೂ ಇಲ್ಲದೆ ಮಾರಬಹುದು, ಅಡಮಾನ ಇಡಬಹುದು. ಅವರು ಬದುಕಿರುವಾಗ ಮಕ್ಕಳಿಗೆ ಅದರಲ್ಲಿ ಪಾಲು ಕೇಳುವ ಹಕ್ಕಿಲ್ಲ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಮನೆಯಾದರೆ ಮಕ್ಕಳಿಗೆ ಹುಟ್ಟಿನಿಂದಲೇ ಪಾಲಿದೆ, ಮತ್ತು 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಅಷ್ಟೇ ಪಾಲಿದೆ. 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಇಂಥ ಮನೆಯ ಬಗ್ಗೆ ಏನೇ ಮಾಡುವುದಾದರೂ ಎಲ್ಲ ಪಾಲುದಾರರ ಸಹಿ ಪಡೆಯಿರಿ. ಮದುವೆಯಾಗಿ ಹೋದ ತಂಗಿಯ ಸಹಿ ಬೇಡವೆಂದುಕೊಳ್ಳುವ ತಪ್ಪು ಇಂದಿಗೂ ನಡೆಯುತ್ತಿದೆ.

ಕ್ರಯಪತ್ರ ಅಥವಾ ವಿಭಾಗಪತ್ರ, ಖಾತಾ, ಇತ್ತೀಚಿನ ಕಂದಾಯದ ರಸೀದಿ, ಮಂಜೂರಾದ ನಕ್ಷೆ ಮತ್ತು ಋಣಭಾರ ಪತ್ರ ಇವುಗಳನ್ನು ಒಂದು ಕಡತದಲ್ಲಿ ಸೇರಿಸಿ. ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಮಾರಾಟ ಇತ್ಯಾದಿಗಳನ್ನು ತೋರಿಸುವ ಋಣಭಾರ ಪತ್ರವನ್ನೇ ಜನ ಇ.ಸಿ. ಎನ್ನುತ್ತಾರೆ, ಕರ್ನಾಟಕದಲ್ಲಿ ಕಾವೇರಿ ತಂತ್ರಾಂಶದ ಮೂಲಕ ಸಿಗುತ್ತದೆ. ಖಾತಾ ಎಂಬುದು ತೆರಿಗೆಯ ದಾಖಲೆ, ಅದೊಂದೇ ಮಾಲೀಕತ್ವದ ಪುರಾವೆಯಾಗದು. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಖಾತಾ ಉಳಿದಿದ್ದರೆ, ಅದನ್ನು ಸರಿಪಡಿಸುವ ಕೆಲಸವನ್ನು ಈ ವಾರವೇ ಆರಂಭಿಸಿ.

4. ಮನೆಯನ್ನು ಮುಟ್ಟುವ ಮೊದಲು ಉಳಿದ ಹಣವನ್ನು ಒಟ್ಟುಗೂಡಿಸಿ

ಮರೆತ ಠೇವಣಿಗಳು, ಅವಧಿ ಮುಗಿದ ವಿಮಾ ಪಾಲಿಸಿಗಳು, ಬಾಕಿ ಉಳಿದ ಪಿಂಚಣಿ ಇವುಗಳನ್ನು ಹುಡುಕಿ. ಪಿಂಚಣಿದಾರರ ಜೀವಂತ ಪ್ರಮಾಣಪತ್ರವನ್ನು ಪ್ರತಿ ನವೆಂಬರ್‌ನಲ್ಲಿ ಸಲ್ಲಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ಹಾಸಿಗೆ ಹಿಡಿದವರಿಗಾಗಿ ಮೊಬೈಲಿನಲ್ಲಿ ಮುಖ ಗುರುತಿಸುವ ಜೀವನ್ ಪ್ರಮಾಣ್ ವ್ಯವಸ್ಥೆಯನ್ನು ಬಳಸಿ. ಇಡಿಗಂಟು ಇದ್ದರೆ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಒಬ್ಬರು 30 ಲಕ್ಷ ರೂಪಾಯಿವರೆಗೆ ಇಡಬಹುದು, ಬಡ್ಡಿ ಮೂರು ತಿಂಗಳಿಗೊಮ್ಮೆ ಬರುತ್ತದೆ. ಒಂದೇ ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ವಿಮಾ ರಕ್ಷಣೆ ಇರುವುದು ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ಮಾತ್ರ. ಆದ್ದರಿಂದ ಸ್ವಲ್ಪ ಹೆಚ್ಚು ಬಡ್ಡಿಯ ಆಸೆಗೆ ಎಲ್ಲವನ್ನೂ ಒಂದು ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ಇಡಬೇಡಿ.

ತೆರಿಗೆಯಲ್ಲಿ ಹಳೆಯ ಪದ್ಧತಿಯನ್ನು ಆರಿಸಿಕೊಂಡ ಮಕ್ಕಳಿಗೆ ಕೆಲವು ವಿನಾಯಿತಿಗಳಿವೆ. ಆರೋಗ್ಯ ವಿಮೆ ಇಲ್ಲದ ಹಿರಿಯ ತಂದೆತಾಯಿಯ ವೈದ್ಯಕೀಯ ವೆಚ್ಚವನ್ನು, ನಗದಲ್ಲದೆ ಪಾವತಿಸಿದ್ದರೆ, ವರ್ಷಕ್ಕೆ 50,000 ರೂಪಾಯಿವರೆಗೆ ತೋರಿಸಬಹುದು; ಅವಲಂಬಿತರಿಗೆ ತೀವ್ರ ಅಂಗವೈಕಲ್ಯವಿದೆಯೆಂದು ಪ್ರಮಾಣೀಕರಿಸಿದ್ದರೆ 1,25,000 ರೂಪಾಯಿ ಕಡಿತ ಸಿಗುತ್ತದೆ. ಹೊಸ ಪದ್ಧತಿಯಲ್ಲಿ ಇವು ಇಲ್ಲ. ಎರಡನ್ನೂ ಲೆಕ್ಕ ಹಾಕಿ ನೋಡಿದ ನಂತರವೇ ಆರಿಸಿಕೊಳ್ಳಿ.

5. ಮನೆಯಿಂದ ಹಣ ತರುವ ದಾರಿಗಳನ್ನು ಹೋಲಿಸಿ

ಮೊದಲು ಒಂದು ಪ್ರಶ್ನೆಗೆ ಉತ್ತರಿಸಿಕೊಳ್ಳಿ: ಆ ಮನೆಯಲ್ಲಿ ಇನ್ನು ಮುಂದೆ ಯಾರು ವಾಸಿಸುತ್ತಾರೆ? ಹಿರಿಯರು ಅಲ್ಲೇ ಇದ್ದು ಆರೈಕೆ ಪಡೆಯುತ್ತಾರೆಯೇ, ಅವರು ಆರೈಕೆ ಕೇಂದ್ರಕ್ಕೆ ಹೋಗಿ ಪತಿಯೋ ಪತ್ನಿಯೋ ಮನೆಯಲ್ಲಿ ಉಳಿಯುತ್ತಾರೆಯೇ, ಅಥವಾ ಮನೆ ಖಾಲಿಯಾಗುತ್ತದೆಯೇ? ಮೂರಕ್ಕೂ ಉತ್ತರಗಳು ಬೇರೆ.

ಮನೆ ಖಾಲಿಯಾಗುವುದಾದರೆ ಮೊದಲು ಬಾಡಿಗೆಯನ್ನು ಯೋಚಿಸಿ. ಬಾಡಿಗೆ ಹಿರಿಯರ ಖಾತೆಗೇ ಬರಲಿ. ಕೈಗೆ ಒಮ್ಮೆಲೇ ದೊಡ್ಡ ಮೊತ್ತ ಸಿಗುತ್ತದೆಂದು ಮನೆಯನ್ನು ಭೋಗ್ಯಕ್ಕೆ ಕೊಡುವವರಿದ್ದಾರೆ. ಭೋಗ್ಯವೆಂದರೆ ತಿಂಗಳ ಬಾಡಿಗೆಯಿಲ್ಲದೆ ಇಡಿಗಂಟು ಪಡೆದು, ಅವಧಿ ಮುಗಿದಾಗ ಅದನ್ನು ಪೂರ್ತಿ ಹಿಂದಿರುಗಿಸುವ ಕರಾರು. ಆ ಹಣವನ್ನು ಆರೈಕೆಗೆ ಖರ್ಚು ಮಾಡಿದರೆ ಎರಡು ಮೂರು ವರ್ಷಗಳ ನಂತರ ಹಿಂದಿರುಗಿಸಲು ಹಣವಿಲ್ಲದೆ, ಮನೆಯನ್ನೂ ಬಿಡಿಸಿಕೊಳ್ಳಲಾಗದೆ ಸಿಕ್ಕಿಕೊಳ್ಳುತ್ತೀರಿ. ಆರೈಕೆಯ ಖರ್ಚಿಗೆ ಭೋಗ್ಯ ತಕ್ಕ ದಾರಿಯಲ್ಲ ಎಂದು ನಿಸ್ಸಂಕೋಚವಾಗಿ ಹೇಳುತ್ತೇನೆ.

ಹಿರಿಯರು ಮನೆಯಲ್ಲೇ ಉಳಿಯುವುದಾದರೆ ಪರಿಶೀಲಿಸಬೇಕಾದದ್ದು ರಿವರ್ಸ್ ಮಾರ್ಟ್‌ಗೇಜ್. ಸಾಮಾನ್ಯ ಗೃಹಸಾಲದಲ್ಲಿ ನಾವು ತಿಂಗಳು ತಿಂಗಳು ಬ್ಯಾಂಕಿಗೆ ಕಟ್ಟುತ್ತೇವೆ. ಇಲ್ಲಿ ಮನೆಯ ಮೌಲ್ಯದ ಆಧಾರದ ಮೇಲೆ ಬ್ಯಾಂಕೇ ಹಿರಿಯರಿಗೆ ತಿಂಗಳು ತಿಂಗಳು ಕೊಡುತ್ತದೆ, ಅವರು ಬದುಕಿರುವಷ್ಟು ಕಾಲ ಆ ಮನೆಯಲ್ಲಿ ವಾಸಿಸುತ್ತಾರೆ. 2007–08ರ ಕೇಂದ್ರ ಬಜೆಟ್‌ನಲ್ಲಿ ಪ್ರಕಟವಾದ ಈ ಯೋಜನೆಗೆ ರಾಷ್ಟ್ರೀಯ ವಸತಿ ಬ್ಯಾಂಕ್ ಮಾರ್ಗಸೂಚಿ ರೂಪಿಸಿದೆ. ಸಾಲ ಪಡೆಯುವವರಿಗೆ 60 ವರ್ಷ ದಾಟಿರಬೇಕು. ದಂಪತಿಗಳಾದರೆ ಒಬ್ಬರಿಗೆ 60, ಇನ್ನೊಬ್ಬರಿಗೆ ಕನಿಷ್ಠ 55. ಮನೆ ಸ್ವಯಾರ್ಜಿತವಾಗಿರಬೇಕು, ಅವರು ಅದರಲ್ಲೇ ವಾಸಿಸುತ್ತಿರಬೇಕು, ದಾಖಲೆಗಳು ನಿಖರವಾಗಿರಬೇಕು. ಹೀಗೆ ಬರುವ ಹಣಕ್ಕೆ ಆದಾಯ ತೆರಿಗೆಯಿಲ್ಲ. ಸಾಲ ಎಷ್ಟೇ ಬೆಳೆದರೂ ಮನೆ ಮಾರಿದಾಗ ಬರುವ ಮೊತ್ತಕ್ಕಿಂತ ಹೆಚ್ಚನ್ನು ಬ್ಯಾಂಕ್ ವಸೂಲು ಮಾಡುವಂತಿಲ್ಲ, ಮತ್ತು ಹಿರಿಯರ ನಂತರ ಸಾಲ ತೀರಿಸಿ ಮನೆಯನ್ನು ಉಳಿಸಿಕೊಳ್ಳುವ ಮೊದಲ ಅವಕಾಶ ವಾರಸುದಾರರಿಗೇ ಇದೆ.

ಎರಡು ವಿಷಯಗಳನ್ನು ಮಾತ್ರ ಜಾಹೀರಾತಿನ ಕಾಗದದಲ್ಲಿ ಹುಡುಕಿ ಓದಬೇಕು. ಮೊದಲನೆಯದು ಚಕ್ರಬಡ್ಡಿ. ತಿಂಗಳಿಗೆ 15,000 ರೂಪಾಯಿಯಂತೆ 15 ವರ್ಷ ಪಡೆದರೆ ಕೈಗೆ ಬರುವುದು 27 ಲಕ್ಷ, ಬಡ್ಡಿ ಶೇ. 10 ಎಂದಿಟ್ಟುಕೊಂಡರೆ ಆ ಹೊತ್ತಿಗೆ ಸಾಲ ಸುಮಾರು 62 ಲಕ್ಷವಾಗಿರುತ್ತದೆ. ಎರಡನೆಯದು ಇನ್ನೂ ಮುಖ್ಯ: ಸಾಲ ಪಡೆದವರಲ್ಲಿ ಕೊನೆಯವರು ತೀರಿಕೊಂಡಾಗ ಮಾತ್ರವಲ್ಲ, ಅವರು ಮನೆಯನ್ನು ಶಾಶ್ವತವಾಗಿ ಬಿಟ್ಟು ಬೇರೆಡೆಗೆ ಹೋದಾಗಲೂ ಸಾಲ ತೀರಿಸಬೇಕಾಗುತ್ತದೆ. ಒಬ್ಬರೇ ಇರುವ ವಿಧವೆ ತಾಯಿ ಇಂದು ಈ ಸಾಲ ಪಡೆದು, ಎರಡು ವರ್ಷಗಳ ನಂತರ ಆರೈಕೆ ಕೇಂದ್ರ ಸೇರಬೇಕಾಗಿ ಬಂದರೆ, ಹಣ ಹೆಚ್ಚು ಬೇಕಾದ ಹೊತ್ತಿನಲ್ಲೇ ಮನೆ ಮಾರಬೇಕಾಗುತ್ತದೆ. ಆದ್ದರಿಂದ ಈ ಸಾಲ ಹೊಂದುವುದು ಮನೆಯಲ್ಲೇ ಆರೈಕೆ ಪಡೆಯುವವರಿಗೆ. ಮುಖ್ಯವಾಗಿ, ಒಬ್ಬರು ಹೊರಗೆ ಹೋದರೂ ಇನ್ನೊಬ್ಬರು ಮನೆಯಲ್ಲಿ ಉಳಿಯುವ ದಂಪತಿಗೆ. ಅವರು ತಪ್ಪದೆ ಇಬ್ಬರ ಹೆಸರಿನಲ್ಲೂ ಸಾಲ ಪಡೆಯಬೇಕು.

ಮಾರಾಟವೇ ಸೂಕ್ತವೆಂದು ಕಂಡರೆ ಆತುರದ ಮಾರಾಟ ಮಾಡಬೇಡಿ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಂಡ ಮನೆಯ ಲಾಭಕ್ಕೆ ಈಗ ಶೇ. 12.5 ತೆರಿಗೆ, 2024ರ ಜುಲೈ 23ಕ್ಕೆ ಮೊದಲು ಪಡೆದ ಮನೆಯಾದರೆ ನಿವಾಸಿಗಳಿಗೆ ಬೆಲೆಯೇರಿಕೆಯ ಹೊಂದಾಣಿಕೆಯೊಂದಿಗೆ ಶೇ. 20ರ ಲೆಕ್ಕವೂ ಇದೆ, ಎರಡರಲ್ಲಿ ಕಡಿಮೆಯಾದುದನ್ನು ಕಟ್ಟಬಹುದು. ಆರು ತಿಂಗಳೊಳಗೆ ನಿಗದಿತ ಬಾಂಡುಗಳಲ್ಲಿ 50 ಲಕ್ಷದವರೆಗೆ ತೊಡಗಿಸಿದರೆ ಅಷ್ಟು ಲಾಭಕ್ಕೆ ತೆರಿಗೆ ತಪ್ಪುತ್ತದೆ, ಆದರೆ ಆ ಹಣ ಐದು ವರ್ಷ ಕೈಗೆ ಸಿಗದು. ಆರೈಕೆಗೆ ಹಣ ಬೇಕಾಗಿರುವವರು ತೆರಿಗೆ ಉಳಿಸುವ ಭರದಲ್ಲಿ ಎಲ್ಲವನ್ನೂ ಹೀಗೆ ಕಟ್ಟಿಹಾಕಿದರೆ ಮಾರಿದ ಉದ್ದೇಶವೇ ವಿಫಲವಾಗುತ್ತದೆ. ಬಂದ ಹಣ ಹಿರಿಯರ ಹೆಸರಿನಲ್ಲೇ ಠೇವಣಿಯಾಗಬೇಕು. ಯಾವ ಭಾಗವನ್ನೂ ನಗದಾಗಿ ಪಡೆಯಬೇಡಿ.

6. ‘ಮನೆ ಬರೆದುಕೊಡಿ, ನಾನು ನೋಡಿಕೊಳ್ಳುತ್ತೇನೆ’ ಎಂಬ ಮಾತು ಬಂದಾಗ

ನೋಡಿಕೊಳ್ಳುವ ಮಗನೋ ಮಗಳೋ ಇದನ್ನು ಕೆಟ್ಟ ಮನಸ್ಸಿನಿಂದಲೇ ಕೇಳುತ್ತಾರೆ ಎಂದು ನಾನು ಹೇಳುವುದಿಲ್ಲ. ಹಗಲಿರುಳು ದುಡಿಯುವವರಿಗೆ ಏನಾದರೂ ಭದ್ರತೆ ಬೇಕು ಎಂಬುದು ನ್ಯಾಯವೇ. ಆದರೆ ದಾನಪತ್ರ ಅದಕ್ಕೆ ಸರಿಯಾದ ಸಾಧನವಲ್ಲ. ದಾನಪತ್ರ ನೋಂದಣಿಯಾಗಿ ಸ್ವೀಕಾರವಾದ ಕ್ಷಣದಿಂದ ಮನೆ ಅವರದು. ದಾನ ಮಾಡಿದವರು ಮನಸ್ಸು ಬದಲಿಸಿದರೆಂದು ಅದು ರದ್ದಾಗುವುದಿಲ್ಲ. ಆ ಮಗನೇ ಅಕಾಲದಲ್ಲಿ ತೀರಿಕೊಂಡರೆ ಮನೆ ಅವನ ವಾರಸುದಾರರಿಗೆ ಹೋಗುತ್ತದೆ, ಅವನು ಸಾಲಗಾರನಾದರೆ ಸಾಲ ಕೊಟ್ಟವರು ಮನೆಯ ಮೇಲೆ ಬರುತ್ತಾರೆ.

ಉಯಿಲಿನಲ್ಲಿ ಈ ಅಪಾಯವಿಲ್ಲ. ಅದು ಬರೆದವರ ಮರಣದ ನಂತರ ಮಾತ್ರ ಜಾರಿಗೆ ಬರುತ್ತದೆ, ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು, ಇಬ್ಬರು ಸಾಕ್ಷಿಗಳ ಸಹಿ ಸಾಕು. ನೋಂದಣಿ ಕಡ್ಡಾಯವಲ್ಲವಾದರೂ ಮುಂದಿನ ತಕರಾರು ತಪ್ಪಿಸಲು ಮಾಡಿಸುವುದು ಒಳ್ಳೆಯದು. ನೋಡಿಕೊಳ್ಳುವವರಿಗೆ ಹೆಚ್ಚಿನ ಪಾಲನ್ನು ಉಯಿಲಿನಲ್ಲಿ ಬರೆಯಬಹುದು, ಈಗಿನ ದುಡಿಮೆಗೆ ತಿಂಗಳಿಗೆ ಇಷ್ಟೆಂದು ಹಿರಿಯರ ಹಣದಿಂದಲೇ ಕೊಡಬಹುದು.

ಇಷ್ಟರ ಮೇಲೂ ದಾನಪತ್ರವೇ ಆಗಬೇಕೆಂದರೆ, 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯ 23ನೇ ಕಲಮನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಸಿ. ಮೂಲ ಸೌಕರ್ಯ ಮತ್ತು ದೈಹಿಕ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ಅದನ್ನು ಪಾಲಿಸದಿದ್ದರೆ, ಹಿರಿಯರ ಕೋರಿಕೆಯ ಮೇರೆಗೆ ನ್ಯಾಯಮಂಡಳಿ ಆ ವರ್ಗಾವಣೆಯನ್ನು ಅನೂರ್ಜಿತವೆಂದು ಘೋಷಿಸಬಹುದು. ಇಲ್ಲಿ ಎಲ್ಲರೂ ಎಡವುವುದು ‘ಷರತ್ತು’ ಎಂಬ ಪದದಲ್ಲಿ. ಅಂಥ ಷರತ್ತು ಇತ್ತೆಂದು ತೋರಿಸದಿದ್ದರೆ ಈ ಕಲಮು ಅನ್ವಯಿಸದು ಎಂದು 2022ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2025ರ ಜನವರಿಯ ಇನ್ನೊಂದು ತೀರ್ಪಿನಲ್ಲಿ ಅದೇ ನ್ಯಾಯಾಲಯ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದು ಹೇಳಿ, ತಾಯಿಯೊಬ್ಬರಿಗೆ ಮಗನಿಂದ ಆಸ್ತಿಯನ್ನು ಮರಳಿಸಿತು. ಅಲ್ಲಿಯೂ ನೋಡಿಕೊಳ್ಳುವುದಾಗಿ ಮಗ ಬರೆದುಕೊಟ್ಟಿದ್ದನೆನ್ನಲಾದ ಪತ್ರವೊಂದು ದಾಖಲೆಯಲ್ಲಿತ್ತು. ‘ಪ್ರೀತಿ ವಿಶ್ವಾಸದಿಂದ ಕೊಟ್ಟಿದ್ದೇನೆ’ ಎಂಬ ಎಂದಿನ ಸಾಲಿಗೆ ಬಿಡದೆ, ಜೀವನಪರ್ಯಂತ ಅದೇ ಮನೆಯಲ್ಲಿ ವಾಸದ ಹಕ್ಕು, ಊಟ, ಔಷಧ, ಆರೈಕೆಯ ಹೊಣೆ, ಇವು ತಪ್ಪಿದರೆ ದಾನ ರದ್ದಾಗುತ್ತದೆಂಬ ಮಾತು ಇಷ್ಟನ್ನೂ ದಾನಪತ್ರದ ಒಳಗೇ ಬರೆಸಿ.

7. ಮಕ್ಕಳ ನಡುವಿನ ಹಂಚಿಕೆ, ಮತ್ತು ಯಾರೂ ಕೊಡದಿದ್ದಾಗ

ಯಾರು ಹಣ ಕೊಡುತ್ತಾರೆ, ಯಾರು ಜೊತೆಯಲ್ಲಿದ್ದು ನೋಡಿಕೊಳ್ಳುತ್ತಾರೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲರೂ ಸಹಿ ಮಾಡಿ. ದೂರದಲ್ಲಿರುವ ಮಗ ಕೊಟ್ಟ ಹಣ ಸಾಲವೋ, ಮಗನ ಕರ್ತವ್ಯವೋ, ಮುಂದೆ ಮನೆಯ ಪಾಲಿನಲ್ಲಿ ಸೇರಿಸಿಕೊಳ್ಳಬೇಕಾದದ್ದೋ ಎಂಬುದು ಈಗಲೇ ಸ್ಪಷ್ಟವಾಗಿರಲಿ. ಖರ್ಚಿನ ರಸೀದಿಗಳನ್ನು ತಿಂಗಳಿಗೊಂದು ಲಕೋಟೆಯಲ್ಲಿ ಇಡಿ.

ವಯಸ್ಕ ಮಕ್ಕಳು ಮತ್ತು ಮೊಮ್ಮಕ್ಕಳು, ಮಕ್ಕಳಿಲ್ಲದವರಿಗೆ ಅವರ ಆಸ್ತಿ ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ಸಂಬಂಧಿಕರು, ಪೋಷಣೆಯ ಹೊಣೆ ಹೊರಬೇಕು. ಅವರು ಕೊಡದಿದ್ದರೆ ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಹಿರಿಯರಿಗೆ ಸ್ವತಃ ಆಗದಿದ್ದರೆ ಅವರು ಅಧಿಕಾರ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ಹಾಕಬಹುದು. ನೋಟಿಸು ಜಾರಿಯಾದ 90 ದಿನಗಳಲ್ಲಿ ತೀರ್ಮಾನವಾಗಬೇಕು, ವಿಶೇಷ ಕಾರಣವಿದ್ದರೆ ಇನ್ನೂ 30 ದಿನ ಬೇಕಾಗಬಹುದು. ಕಾಯ್ದೆ ಹಾಕಿರುವ ಮಿತಿ ತಿಂಗಳಿಗೆ 10,000 ರೂಪಾಯಿ. ಇಪ್ಪತ್ನಾಲ್ಕು ಗಂಟೆಯ ಆರೈಕೆಗೆ ಅದು ಸಾಲದು, ಈ ಮಿತಿ ಏರಬೇಕೆಂಬುದು ನನ್ನ ದೃಢ ಅಭಿಪ್ರಾಯ. ಆದರೂ ಅರ್ಜಿ ಹಾಕಿದ ಮೇಲೆ ಮಾತುಕತೆಗೆ ಬರುವ ಮಕ್ಕಳೂ ಇದ್ದಾರೆ. ಎಲ್ಲಿಂದ ಆರಂಭಿಸಬೇಕೆಂದು ತಿಳಿಯದವರು ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567ಕ್ಕೆ ಕರೆ ಮಾಡಿ, ಕರೆಗೆ ಶುಲ್ಕವಿಲ್ಲ.

8. ಆರೈಕೆ ಕೇಂದ್ರದ ಕರಾರಿಗೆ ಸಹಿ ಮಾಡುವ ಮುನ್ನ

ಠೇವಣಿ ಎಷ್ಟು, ಹಿರಿಯರು ತೀರಿಕೊಂಡರೆ ಅಥವಾ ಆಸ್ಪತ್ರೆಗೆ ಸೇರಿದರೆ ಅದರಲ್ಲಿ ಎಷ್ಟು, ಎಷ್ಟು ದಿನಗಳಲ್ಲಿ ಮರಳುತ್ತದೆ, ಶುಲ್ಕ ವರ್ಷಕ್ಕೆ ಎಷ್ಟು ಏರುತ್ತದೆ, ರಾತ್ರಿಯಲ್ಲಿ ನರ್ಸ್ ಇರುತ್ತಾರೆಯೇ, ಡೈಪರ್ ಮತ್ತು ಔಷಧದ ಬಿಲ್ಲು ಪ್ರತ್ಯೇಕವೇ ಎಂದು ಲಿಖಿತವಾಗಿ ಕೇಳಿ. ಡಿಮೆನ್ಷಿಯಾ ಹೆಚ್ಚಾದರೆ ಅಥವಾ ನಳಿಕೆಯ ಆಹಾರ ಬೇಕಾದರೆ ಕೆಲವು ಕೇಂದ್ರಗಳು ಹಿರಿಯರನ್ನು ಮನೆಗೆ ಕಳುಹಿಸುತ್ತವೆ. ಆ ನಿಯಮ ನೀವು ಸೇರಿಸುವ ಕೇಂದ್ರದಲ್ಲಿ ಇದ್ದರೆ, ಅಲ್ಲಿ ಕೆಲವು ತಿಂಗಳು ಕಳೆದು ನೋಡುವವರೆಗೆ ಮನೆಯನ್ನು ಮಾರಬೇಡಿ, ಬಾಡಿಗೆಗೆ ಕೊಡುವುದಾದರೂ ಹನ್ನೊಂದು ತಿಂಗಳ ಕರಾರಿಗಿಂತ ಹೆಚ್ಚಿನದಕ್ಕೆ ಒಪ್ಪಬೇಡಿ.